ಕೈ ಕಾಣದ ಫೋಟೋ

ನನಗೆ ಫ್ಲ್ಯಾಶ್ ಕಂಡರೆ ಹೇಸಿಗೆ. ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ಹದಿನಾರು ವರ್ಷ ಸ್ಟುಡಿಯೋ ನಡೆಸಿ ಮದುವೆ, ಸೀಮಂತ, ಖತ್ನಾ, ಮಾಸ್ತರರ ನಿವೃತ್ತಿ, ಎಲ್ಲವನ್ನೂ ಅದರ ಬೆಳಕಿನಲ್ಲೇ ತೆಗೆದವನು ನಾನು. ಟಕ್ ಎಂದರೆ ಸಾಕು, ಮುಖಗಳೆಲ್ಲ ಸುಣ್ಣ ಬಳಿದ ಗೋಡೆ. ಅಲುಗುವವರೂ ಆ ಮಿಂಚಿನಲ್ಲಿ ಗಕ್ಕನೆ ನಿಂತುಬಿಡುತ್ತಾರೆ. ಎಲ್ಲರ ಕಣ್ಣು ತೆರೆದಿರಬೇಕು. ಒಬ್ಬರ ಕಣ್ಣು ಮುಚ್ಚಿದ್ದರೂ ಫೋಟೋ ಕೆಟ್ಟಿದೆ ಎಂದು ಗಲ್ಲಾಪೆಟ್ಟಿಗೆಯ ಮೇಲೆ ಎಸೆದು ಹೋಗುತ್ತಾರೆ. ಮದುಮಗ ಮದುಮಗಳ ಬಾಯಿಗೆ ಪೇಢೆ ಹಿಡಿದು ನನ್ನ ಕಡೆ ಹಲ್ಲು ಕಿರಿಯುವುದನ್ನು ಸಾವಿರ ಸಲ ನೋಡಿದ ಮೇಲೆ ನನಗೆ ಪೇಢೆಯೇ ಸೇರದಂತಾಯಿತು.

ಎಂಬತ್ತೇಳರಲ್ಲಿ ಹುಬ್ಬಳ್ಳಿಯ ಕಲರ್ ಲ್ಯಾಬಿನಲ್ಲಿ ಯಾರೋ ಬಿಟ್ಟುಹೋದ ಹಳೆಯ ಫೋಟೋ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ಮಬ್ಬು ಬೆಳಕಿನ ಕೋಣೆಯಲ್ಲಿ ಕುಣಿಯುತ್ತಿರುವ ಹೆಂಗಸಿನ ಚಿತ್ರ. ಕ್ಯಾಮೆರಾದ ಶಟರನ್ನು ಬಹಳ ಹೊತ್ತು ತೆರೆದಿಟ್ಟು, ಬೇಕೆಂದೇ ಅಲುಗಲು ಬಿಟ್ಟು ತೆಗೆದದ್ದು. ಮುಖ ನಿಂತಿದೆ, ಲಂಗ ಹೊಗೆಯಾಗಿ ಸುತ್ತಿಕೊಂಡಿದೆ. ನಾನು ಅದನ್ನು ಕದ್ದು ತಂದೆ. ಅಂದಿನಿಂದ ಮನೆಯಲ್ಲಿ ಇದೇ ಹುಚ್ಚು. ಹೆಂಡತಿ ಮುಮ್ತಾಜಬಿ ದೀಪ ಕಡಿಮೆ ಮಾಡಿ ರೊಟ್ಟಿ ಬಡಿಯಬೇಕು, ನಾನು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಅರ್ಧ ಸೆಕೆಂಡು, ಒಂದು ಸೆಕೆಂಡು ಎಂದು ಎಣಿಸಬೇಕು. ಒಂದು ತಿಂಗಳಲ್ಲಿ ನನ್ನ ಕೈ ಪಳಗಿತು. ಆದರೆ ರೊಟ್ಟಿ ಎಷ್ಟು ದಿನ ತೆಗೆಯುವುದು?

ಅಷ್ಟರಲ್ಲಿ ಮೈಲವ್ವ ಬಂದಳು. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವವಳು. ರೈಲಿನಲ್ಲಿ ಬಂದಿದ್ದಳು. ಎಂಟು ತಿಂಗಳ ಕೂಸನ್ನು ಎರಡು ಮೊಣಕೈಗಳ ನಡುವೆ ಎತ್ತಿಕೊಂಡಿದ್ದಳು. ಅಂಗೈ ಕೂಸಿಗೆ ತಾಗದಂತೆ ಹೊರಳಿಸಿ ಹಿಡಿದಿದ್ದಳು.

"ಗೋದಾಮಿನ್ಯಾಗ ಕೈ ತೊಳ್ಯಾಕ ನೀರಿಲ್ರಿ ಅಣ್ಣಾರ. ಮಧ್ಯಾಹ್ನ ಹಾಲು ಕುಡಸಾಕ ಕೂಸಿನ್ನ ತಗೊಂಡ್ರ ಅದರ ಮಾರಿ ಉರೀತೈತಿ. ಮೊನ್ನೆ ಕಣ್ಣಿಗೆ ಹತ್ತಿ ಎರಡು ದಿನ ಕಣ್ಣು ತಗೀಲಿಲ್ಲ. ಒಂದು ನಳ ಹಾಕಸ್ರಿ ಅಂದ್ರ ಮಾಲಕ, ಬ್ಯಾಡಗಿ ಕಾಯಿ ಬರೇ ಬಣ್ಣ, ಅದರಾಗ ಖಾರ ಎಲ್ಲೈತಿ ಅಂತಾನ."

ಹೆಂಗಸರು ಹಾವೇರಿಗೆ ಹೋಗಿ ಕಾರ್ಮಿಕ ಇಲಾಖೆಯ ಸಾಹೇಬನಿಗೆ ಅರ್ಜಿ ಕೊಟ್ಟಿದ್ದರು. ಅವನು ಕೈ ನೋಡಲೂ ಇಲ್ಲವಂತೆ. "ನಿಮ್ಮ ಕೈ ಫೈಲಿನ್ಯಾಗ ಇಡಾಕ ಬರ್ತದೇನು? ಕೆಲಸ ಮಾಡೂ ಹೊತ್ತಿನ ಫೋಟೋ ತರ್ರಿ" ಎಂದನಂತೆ. ವಿಚಾರಣೆಗೆ ಹದಿನೈದು ದಿನವಿತ್ತು. ಬ್ಯಾಡಗಿಯ ಫೋಟೋದವರೆಲ್ಲ ಆ ಮಾಲಕನ ಮನೆಯ ಮದುವೆ ತೆಗೆಯುವವರು, ಒಬ್ಬನೂ ಒಪ್ಪಲಿಲ್ಲ.

ಅವಳು ಅಂಗೈ ತೋರಿಸಿದಳು. ಬೆರಳ ತುದಿಯ ಚರ್ಮ ಸುಲಿದು, ಗೆರೆಗೆರೆಗೂ ಬಿರುಕು ಬಿಟ್ಟು ಕೆಂಪಗಾಗಿತ್ತು. ನನಗೆ ಮೈಯೆಲ್ಲ ಉರಿದಂತಾಯಿತು. ಬರುತ್ತೇನೆ ಎಂದೆ. ಅಷ್ಟರ ಮಟ್ಟಿಗೆ ನಾನು ಒಳ್ಳೆಯವನೇ.

ನಾನು ಹೋದದ್ದು ಸೋಮವಾರ, ಕಾಯಿಯ ಟೆಂಡರ್ ಹರಾಜಿನ ದಿನ. ಮಾಲಕ, ಗುಮಾಸ್ತ ಇಬ್ಬರೂ ಮಾರುಕಟ್ಟೆಗೆ ಹೋಗಿದ್ದರು. ಗೋದಾಮಿನೊಳಗೆ ಕಾಲಿಟ್ಟೊಡನೆ ಗಂಟಲು ಹಿಡಿಯಿತು. ನಲವತ್ತು ಹೆಂಗಸರು, ಒಂದು ಕಿಟಕಿಯಿಲ್ಲ, ಮಾಡಿನಲ್ಲಿ ಎರಡು ಗಾಜಿನ ಹಂಚು. ಬೆವರು, ಕಾಯಿಯ ಘಾಟು, ಮೂಲೆಯಲ್ಲಿ ಗೋಣಿಚೀಲದ ಮೇಲೆ ಉಚ್ಚೆ ಹೊಯ್ದುಕೊಂಡು ಮಲಗಿದ ಕೂಸುಗಳು. ಇಲ್ಲಿಂದ ಹೋದ ಕಾಯಿಯನ್ನೇ ನಾವು ಚಟ್ನಿ ಮಾಡಿ ಚಪ್ಪರಿಸುತ್ತೇವೆ. ಥೂ ಎನಿಸಿತು. ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು ಸ್ಟ್ಯಾಂಡ್ ನಿಲ್ಲಿಸಿದೆ.

ಕ್ಯಾಮೆರಾದಲ್ಲಿ ಕಣ್ಣಿಟ್ಟೆ. ಆ ನರಕ ಒಮ್ಮೆಲೇ ಚಂದ ಕಂಡಿತು. ಗಾಜಿನ ಹಂಚಿನಿಂದ ಒಂದು ಕೋಲು ಬೆಳಕು ಮೈಲವ್ವನ ಮುಖದ ಮೇಲೆ, ಕೆಳಗೆ ಕೆಂಪು ರಾಶಿ, ರಾಶಿಯಲ್ಲಿ ಓಡಾಡುವ ಕೈಗಳು. ನನಗೆ ಆ ಕುಣಿಯುವ ಹೆಂಗಸಿನ ಲಂಗ ನೆನಪಾಯಿತು.

ಮೈಲವ್ವ ಕೇಳಿದಳು: "ಕೈ ನಿಂದ್ರಸಿ ತೋರಸ್ಲೇನ್ರಿ ಅಣ್ಣಾರ?"

"ಬ್ಯಾಡ. ತಲಿ ಅಳ್ಳಾಡಸಬ್ಯಾಡ, ಕೈ ನಡೀಲಿ. ಲಗೂ ಲಗೂ."

ಅವಳ ಪಕ್ಕದ ಮುದುಕಿ ಗದಿಗೆವ್ವ, "ದೀಪ ಹೊಡ್ಯಂಗಿಲ್ಲೇನ್ರಿ?" ಎಂದಳು. ಲಗ್ನದಲ್ಲಿ ನೋಡಿದ ಫ್ಲ್ಯಾಶ್ ಅವಳಿಗೂ ಗೊತ್ತಿತ್ತು. ಧೂಳಿನಲ್ಲಿ ಅದು ನಡೆಯುವುದಿಲ್ಲ ಎಂದೆ. ಸುಳ್ಳು. ಹತ್ತಿರ ಹೋಗಿ ಹೊಡೆದಿದ್ದರೆ ಬಿರುಕು ಬಿರುಕೂ ಎದ್ದು ಬರುತ್ತಿತ್ತು. ಫ್ಲ್ಯಾಶ್ ಚೀಲದಲ್ಲೇ ಇತ್ತು. ಅರ್ಧ ಸೆಕೆಂಡಿನ ಹನ್ನೆರಡು ಫೋಟೋ ತೆಗೆದೆ, ಹನ್ನೆರಡೂ ಒಂದೇ ರೀತಿ.

ಹುಬ್ಬಳ್ಳಿಯಿಂದ ಪ್ರಿಂಟ್ ಬಂದದ್ದು ವಿಚಾರಣೆಯ ಹಿಂದಿನ ದಿನ. ಲಕೋಟೆ ಒಡೆದು ಕುಣಿಯುವುದೊಂದು ಬಾಕಿ. ಮೈಲವ್ವನ ಮುಖ ಕಲ್ಲಿನಲ್ಲಿ ಕಡೆದಷ್ಟು ಸ್ಪಷ್ಟ. ಮಣಿಕಟ್ಟಿನಿಂದ ಕೆಳಗೆ ಕೈಯೇ ಇಲ್ಲ, ಕೆಂಪು ಹೊಗೆ. ಕೈ ಉರಿಯುತ್ತಿರುವುದು ಇದಕ್ಕಿಂತ ಚೆನ್ನಾಗಿ ಹೇಗೆ ಕಾಣಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣಿದ್ದವನಿಗೆ ತಿಳಿಯುತ್ತದೆ ಎಂದೂ ಹೇಳಿಕೊಂಡೆ. ಮುಮ್ತಾಜಬಿ ಮಾತ್ರ ಫೋಟೋವನ್ನು ನೋಡಿ ಟೇಬಲ್ಲಿನ ಮೇಲಿಟ್ಟು ಒಳಗೆ ಹೋದಳು.

ಹಾವೇರಿಯ ಕಚೇರಿಯಲ್ಲಿ ಮಾಲಕ ಮೊದಲೇ ಬಂದು ಸಾಹೇಬನ ಜೊತೆ ಚಹಾ ಕುಡಿಯುತ್ತಿದ್ದ. ಬಶಿಯಲ್ಲಿ ಸುರಿದುಕೊಂಡು ಸೊರ್ರೆಂದು ಹೀರುವ ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮೈಲವ್ವ, ಗದಿಗೆವ್ವ ಗೋಡೆಗೆ ಆನಿಕೊಂಡು ನಿಂತರು. ನಾನು ಫೋಟೋ ಮುಂದಿಟ್ಟೆ.

ಸಾಹೇಬ ಕನ್ನಡಕ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. "ಇದರಾಗ ಕೈ ಎಲ್ಲದಾವ್ರಿ?"

ನಾನು ವಿವರಿಸಲು ಹೋದೆ. ಶಟರ್ ಎಂದೆ, ಕಡಿಮೆ ಬೆಳಕು ಎಂದೆ. ನನ್ನ ಮಾತು ನನಗೇ ಅಸಹ್ಯವಾಗಿ ಕೇಳಿಸಿತು. ಮಾಲಕ ಕೈಚಾಚಿ ಫೋಟೋ ಎಳೆದುಕೊಂಡ. ನೋಡಿದ. ಅವನ ಮುಖ ಅರಳಿತು.

"ಏನ್ ಚಲೋ ತಗದೀರಿ ಸಾಬರ. ಕಾಯಿ ಬಣ್ಣ ನೋಡ್ರಿ. ಬರೂ ವರ್ಷದ ಕ್ಯಾಲೆಂಡರಿಗೆ ಇದನ್ನ ಹಾಕಸ್ತೇನಿ. ನೋಡ್ರಿ ಸಾಹೇಬ್ರ, ಹೆಣ್ಣಮಗಳ ಮಾರಿ ಹೆಂಗ ತಣ್ಣಗೈತಿ. ಕೈ ಉರ್ಯಾವ್ರ ಮಾರಿ ಹಿಂಗಿರತೈತೇನು?"

ಹೇಳಲೇಬೇಕಾದ ಹೊಲಸೊಂದಿದೆ. ಚಲೋ ತಗದೀರಿ ಎಂದಾಗ ನನಗೆ ಖುಷಿಯಾಯಿತು. ಹದಿನಾರು ವರ್ಷದಲ್ಲಿ ನನ್ನ ಕೆಲಸವನ್ನು ಹಾಗೆ ನೋಡಿದವನು ಅವನೊಬ್ಬನೇ. ಒಂದು ಕ್ಷಣ, ಒಂದೇ ಕ್ಷಣ, ನಾನು ಹಲ್ಲು ಬಿಟ್ಟೆ. ಪೇಢೆ ಹಿಡಿದ ಮದುಮಗನ ಹಾಗೆ. ಮೈಲವ್ವ ಅದನ್ನು ನೋಡಿದಳು.

"ಸಂಜಿ ಐದಕ್ಕ ಫೈಲು ಮುಚ್ಚತೇನಿ" ಎಂದ ಸಾಹೇಬ. "ಅದರೊಳಗ ಕೈ ಕಾಣೂ ಫೋಟೋ ಬಂದ್ರ ಹಚ್ಚತೇನಿ. ಇಲ್ಲಂದ್ರ ಇಲ್ಲ." ಮಾಲಕ ನನ್ನ ಫೋಟೋವನ್ನು ಜೇಬಿಗೆ ಹಾಕಿಕೊಂಡು ಹೋದ. ಕೊಡು ಎಂದು ನಾನು ಕೇಳಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಮಧ್ಯಾಹ್ನವೂ ಕತ್ತಲೆ. ಗದಿಗೆವ್ವನ ತೊಡೆಯ ಮೇಲೆ ಕೂಸು ಹಸಿದು ಅಳುತ್ತಿತ್ತು. ಮೈಲವ್ವ ಅದನ್ನು ಎತ್ತಿಕೊಳ್ಳಲಿಲ್ಲ. ಕಲ್ಲಿನ ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎರಡೂ ಅಂಗೈಗಳನ್ನು ಅದರ ಮೇಲೆ ಮಲಗಿಸಿದಳು.

"ಈಗ ಅಳ್ಳಾಡಸೂದಿಲ್ರಿ" ಎಂದಳು. "ತಗೀರಿ."

ಹಾವೇರಿಯಲ್ಲೇ ಕಪ್ಪು ಬಿಳುಪು ರೋಲನ್ನು ಒಂದು ತಾಸಿನಲ್ಲಿ ತೊಳೆದುಕೊಡುವ ಸ್ಟುಡಿಯೋ ಇತ್ತು. ಚೀಲದಲ್ಲಿ ಅಂಥ ರೋಲೂ ಇತ್ತು. ಏರಿಸಿದೆ. ಫ್ಲ್ಯಾಶ್ ಹೊರಗೆ ತೆಗೆದು ಸಿಕ್ಕಿಸಿದೆ. ಬಗ್ಗಿ ನೋಡಿದರೆ ಆ ಅಂಗೈಗಳು ಚೌಕಟ್ಟಿನಲ್ಲಿ ನಿಲ್ಲುತ್ತಿಲ್ಲ, ಆಚೆ ಈಚೆ ಓಲಾಡುತ್ತಿವೆ. ಕೈ ನಿಂದ್ರಸವ್ವಾ ಎನ್ನಲು ಬಾಯಿ ತೆರೆದವನು ತಲೆಯೆತ್ತಿ ನೋಡಿದೆ. ಅವಳ ಕೈಗಳು ಕಲ್ಲಿನ ಮೇಲೆ ಕಲ್ಲಿನಂತೆಯೇ ಇದ್ದವು.

ನಡುಗುತ್ತಿದ್ದದ್ದು ನನ್ನ ಕೈ. ಹಾಗೆಯೇ ಒತ್ತಿದೆ. ಫ್ಲ್ಯಾಶ್ ಹೊಡೆದಿದ್ದರಿಂದ ಫೋಟೋದಲ್ಲಿ ಆ ನಡುಕ ಕಾಣುವುದಿಲ್ಲ.