ಎರಡನೆಯ ಚರಣಕ್ಕೆ ಮುಂಚೆ

ಮೂರನೆಯ ಸಲವೂ ಕ್ಲಾರಿಯೋನೆಟ್ ಅದೇ ಜಾಗದಲ್ಲಿ ಕಿರ್ರೆಂದಿತು. ಗಾಜಿನ ಆಚೆ ಕೂತಿದ್ದ ಬಿಂದುಮಾಧವ ಕೈ ಎತ್ತಿದ. ಧ್ವನಿಮುದ್ರಣ ಯಂತ್ರದ ಚಕ್ರಗಳು ನಿಂತವು. ಮಹದೇವು ವಾದ್ಯವನ್ನು ಬಾಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿಯಿಂದ ಮುಂದಿನ ಮೇಲ್ಹಲ್ಲನ್ನು ಮೆಲ್ಲಗೆ ಮುಟ್ಟಿದ. ಹಲ್ಲು ಅಲ್ಲಾಡಿತು. ಅದರ ಬುಡದಿಂದ ಎದ್ದ ನೋವು ಮೂಗಿನ ಪಕ್ಕದಲ್ಲಿ ಹಾದು ಕಣ್ಣಿನವರೆಗೂ ಹೋಯಿತು.

"ಏನಾಯ್ತು ಮಹದೇವು ಅವರೇ?" ಗೋಡೆಯ ಸ್ಪೀಕರಿನಿಂದ ಬಿಂದುಮಾಧವನ ದನಿ ಬಂತು.

"ರೀಡು ಒಣಗೋಗದೆ ಸಾರ್. ಇನ್ನೊಂದ್ಸಲ ನುಡಿಸ್ಬುಡ್ತೀನಿ."

ಊದುವ ತುದಿಗೆ ಕಟ್ಟಿದ ಆ ತೆಳು ಪಟ್ಟಿ ಸರಿಯಾಗಿಯೇ ಇತ್ತು. ಹಲ್ಲಿನ ಸಂಗತಿಯನ್ನು ಅವನು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಕುವೆಂಪುನಗರದ ಮನೆಯೊಂದರ ಕಾರ್ ಶೆಡ್ಡಿನ ಗೋಡೆಗಳಿಗೆ ಗೋಣಿತಾಟು ಬಡಿದು ಮಾಡಿದ ಸ್ಟುಡಿಯೋ ಅದು. ಸದ್ದು ಸೇರಿಕೊಳ್ಳುತ್ತದೆಂದು ಫ್ಯಾನ್ ನಿಲ್ಲಿಸಿದ್ದರು. ತೊಂಬತ್ತಾರನೆಯ ಇಸವಿಯ ಏಪ್ರಿಲ್ ಸೆಕೆಗೆ ಎಲ್ಲರ ಅಂಗಿಯೂ ಬೆನ್ನಿಗೆ ಅಂಟಿತ್ತು. ಎಂಟು ಭಾವಗೀತೆಗಳ ಕ್ಯಾಸೆಟ್ಟಿನಲ್ಲಿ ಒಂದು ಹಾಡಿಗೆ ಮಾತ್ರ ಕ್ಲಾರಿಯೋನೆಟ್ ಬೇಕಾಗಿತ್ತು. ಅದೂ ಎರಡನೆಯ ಚರಣಕ್ಕೆ ಮುಂಚೆ, ಮುಕ್ಕಾಲು ನಿಮಿಷ.

ಆ ಮುಕ್ಕಾಲು ನಿಮಿಷಕ್ಕಾಗಿ ಮಹದೇವು ಮೇಟಗಳ್ಳಿಯ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ. ಲೇತ್ ಯಂತ್ರದ ಮೇಲೆ ಕೆಲಸ ಮಾಡುವುದು ಅವನ ಜೀವನೋಪಾಯ. ಮುಹೂರ್ತದ ದಿನಗಳಲ್ಲಿ ಮಾತ್ರ ಕೆಂಪು ಕೋಟು ತೊಟ್ಟು, ಸಿದ್ದಲಿಂಗಸ್ವಾಮಿಯ ಬ್ಯಾಂಡಿನಲ್ಲಿ ವರನ ಕಾರಿನ ಮುಂದೆ ಕ್ಲಾರಿಯೋನೆಟ್ ನುಡಿಸುತ್ತ ನಡೆಯುತ್ತಿದ್ದ. ಇಪ್ಪತ್ತೆಂಟು ವರ್ಷಗಳಿಂದ ಹಾಗೆ ನಡೆದಿದ್ದ. ಕುಣಿಯುವವರು ಕುಣಿಯುತ್ತಿದ್ದರು, ಬೇಕಾದ ಹಾಡನ್ನು ಕೂಗಿ ಕೇಳುತ್ತಿದ್ದರು. ಹೆಸರು ಕೇಳಿದವರಿಲ್ಲ. ಎಲ್ಲರಿಗೂ ಅವನು 'ಬ್ಯಾಂಡಿನವನು'.

ಫೆಬ್ರವರಿಯಲ್ಲಿ ದೇವರಾಜ ಮೊಹಲ್ಲಾದ ಒಂದು ಮದುವೆಯಲ್ಲಿ, ಎದುರಿಗೆ ಬಂದ ಲಾರಿಯಿಂದಾಗಿ ಮೆರವಣಿಗೆ ನಿಂತುಬಿಟ್ಟಿತ್ತು. ಉಳಿದವರು ನೀರು ಕುಡಿಯಲು ಹೋದಾಗ ಮಹದೇವು ಒಬ್ಬನೇ ಗೋಡೆಗೊರಗಿ, ಯಾರಿಗೂ ಅಲ್ಲದ ಹಾಗೆ, ನಿಧಾನವಾಗಿ ಏನೋ ನುಡಿಸಿಕೊಂಡಿದ್ದ. ನೆಂಟನಾಗಿ ಬಂದಿದ್ದ ಬಿಂದುಮಾಧವ ಹತ್ತಿರ ಬಂದು ಹೆಸರು ಕೇಳಿ, ಲಗ್ನಪತ್ರಿಕೆಯ ಹಿಂಬದಿಯಲ್ಲಿ ಬರೆದುಕೊಂಡ. ತಾನು ಹಾಡುಗಳಿಗೆ ರಾಗ ಹಾಕುವವನು ಎಂದ. ಕರೆ ಬಂದಾಗ ಮಹದೇವು ಕೇಳಿದ್ದು ಒಂದೇ: ಕ್ಯಾಸೆಟ್ಟಿನ ಮೇಲೆ ತನ್ನ ಹೆಸರು ಅಚ್ಚಾಗುತ್ತದೆಯೇ ಎಂದು. ಹಾಕೋಣ ಅಂದಿದ್ದ ಬಿಂದುಮಾಧವ.

ಹಲ್ಲು ಅಲ್ಲಾಡತೊಡಗಿದ್ದು ಆಮೇಲೆ. ಕೀಳಲೇಬೇಕು, ಒಸಡಿನಲ್ಲಿ ಕೀವಾಗಿದೆ ಅಂದಿದ್ದರು ಡಾಕ್ಟರು. ಬುಧವಾರ ಬರುತ್ತೇನೆಂದು ಮಹದೇವು ತಪ್ಪಿಸಿಕೊಂಡಿದ್ದ. ಇವತ್ತು ಮಂಗಳವಾರ. ಕ್ಲಾರಿಯೋನೆಟ್ಟಿನ ತುದಿ ಆತುಕೊಳ್ಳುವುದೇ ಮುಂದಿನ ಮೇಲ್ಹಲ್ಲುಗಳ ಮೇಲೆ. ಹಿಂದಿನ ವರ್ಷ ಹಲ್ಲು ಕಳೆದುಕೊಂಡ ಟ್ರಂಪೆಟ್ಟಿನ ದೇವರಾಜುವನ್ನು ಸಿದ್ದಲಿಂಗಸ್ವಾಮಿ ಒಂದು ವಾರ ನೋಡಿ ಮನೆಗೆ ಕಳಿಸಿದ್ದ. ದೇವರಾಜು ಈಗ ಮೆರವಣಿಗೆಯಲ್ಲಿ ಟ್ಯೂಬ್‌ಲೈಟು ಹೊರುತ್ತಿದ್ದ.

ನಾಲ್ಕನೆಯ ಸಲ ಅರ್ಧದಲ್ಲೇ ನಿಂತಿತು. ಬಿಂದುಮಾಧವ ಗಡಿಯಾರ ನೋಡಿದ. ಒಂದು ಗಂಟೆಗೆ ಬೇರೆಯವರು ಬರುವವರಿದ್ದರು. ಈಗ ಹನ್ನೆರಡೂಕಾಲು.

"ನಾಗಾರ್ಜುನ, ಕ್ಲಾರಿಯೋನೆಟ್ ಟೋನ್ ಇದೆಯಲ್ಲ ನಿಮ್ಮ ಹತ್ರ?"

ಕೀಬೋರ್ಡಿನ ನಾಗಾರ್ಜುನ ಒಮ್ಮೆ ಮಹದೇವುವಿನ ಕಡೆ ನೋಡಿ, ಕಣ್ಣು ತಗ್ಗಿಸಿ, ಒಂದು ಗುಂಡಿ ಒತ್ತಿದ. ಮುಕ್ಕಾಲು ನಿಮಿಷ ನುಡಿಸಿದ. ಒಂದೂ ತಪ್ಪಿಲ್ಲ. ಹದಿನೈದು ದಿನ ಮಹದೇವು ಅಭ್ಯಾಸ ಮಾಡಿದ್ದ ಸ್ವರಗಳೆಲ್ಲ ಸಾಲಾಗಿ ಆ ಪೆಟ್ಟಿಗೆಯಿಂದ ಹೊರಗೆ ಬಂದವು. ಅವನು ಕೈ ಕಟ್ಟಿಕೊಂಡು ಕೇಳಿದ.

ಬಿಂದುಮಾಧವ ಒಳಗೆ ಬಂದು ಅವನ ಭುಜ ಮುಟ್ಟಿದ. ಮುಂದಿನ ಕ್ಯಾಸೆಟ್ಟಿಗೆ ಖಂಡಿತ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಎಂದ. ಮಹದೇವು ಎದ್ದು ನಿಂತ.

"ಒಂದ್ ಹತ್ತು ನಿಮ್ಸ ಕೊಡಿ ಸಾರ್. ಹೊರಕ್ಕೋಗಿ ಬಂದ್ಬುಡ್ತೀನಿ."

ಉತ್ತರಕ್ಕೆ ಕಾಯದೆ ಅವನು ಹಿತ್ತಲಿಗೆ ನಡೆದ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಲ್ಲಿ ಇತ್ತು. ಕರವಸ್ತ್ರ ತೆಗೆದು ಬೆರಳಿಗೆ ಸುತ್ತಿ ಹಲ್ಲನ್ನು ಹಿಡಿದ. ಹಿಡಿದವನು ಹಾಗೆಯೇ ನಿಂತ. ಮುಂದಿನ ತಿಂಗಳು ಒಂಬತ್ತು ಮದುವೆಗಳಿದ್ದವು. ಕೈ ಬಿಟ್ಟ. ಒಳಗಿನಿಂದ ನಾಗಾರ್ಜುನ ನುಡಿಸಿದ್ದನ್ನು ಮತ್ತೆ ಹಾಕಿ ಕೇಳುತ್ತಿದ್ದ ಸದ್ದು ಬಂತು. ಮಹದೇವು ಮತ್ತೆ ಹಲ್ಲು ಹಿಡಿದು, ಕಣ್ಣು ಮುಚ್ಚಿ, ತಿರುಚಿ ಎಳೆದ. ಮೊದಲ ಸಲ ಬರಲಿಲ್ಲ. ಎರಡನೆಯ ಸಲಕ್ಕೆ ಕಲ್ಲಿನ ಮೇಲೆ ಕೂತುಬಿಟ್ಟ. ಹಲ್ಲು ಕರವಸ್ತ್ರದಲ್ಲಿತ್ತು.

ನಲ್ಲಿಗೆ ಬಾಯೊಡ್ಡಿ ತೊಳೆಯುತ್ತಿದ್ದಾಗ ಹಿಂದೆ ಯಾರೋ ನಿಂತ ಹಾಗಾಯಿತು. ಹಾಡು ಹೇಳುವ ಶಿಲ್ಪಶ್ರೀ. ಅವಳ ಪಾಲಿನದು ಬೆಳಿಗ್ಗೆಯೇ ಮುಗಿದಿತ್ತು. ಕುಡಿಯುವ ನೀರಿಗೆಂದು ಲೋಟ ಹಿಡಿದು ಬಂದಿದ್ದಳು. ಕಲ್ಲಿನ ಮೇಲೆ ಹರಿಯುತ್ತಿದ್ದ ಕೆಂಪು ನೀರನ್ನು ನೋಡಿ ಅವಳ ಮುಖ ಬಿಳಿಚಿತು.

"ಯಾರ್ಗೂ ಹೇಳ್ಬೇಡಿ ಕಣಮ್ಮ," ಎಂದ ಮಹದೇವು. "ಹೇಳಿದ್ರೆ ನುಡಿಸಾಕೆ ಬುಡಕಿಲ್ಲ."

ಅವಳು ಲೋಟವನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಅವನು ಬಾಯಿ ಒರೆಸಿಕೊಂಡು ಬಂದಾಗ ಅವಳು ಬಿಂದುಮಾಧವನ ಹತ್ತಿರ ಮಾತಾಡುತ್ತಿದ್ದಳು. ಹೇಗೂ ಇಪ್ಪತ್ತು ನಿಮಿಷ ಉಳಿದಿದೆ, ಒಂದೇ ಒಂದು ಸಲ ತೆಗೆದುಕೊಳ್ಳಿ, ಬೇಡವಾದರೆ ನಾಗಾರ್ಜುನರದು ಇದ್ದೇ ಇದೆಯಲ್ಲ ಎನ್ನುತ್ತಿದ್ದಳು. ಬಿಂದುಮಾಧವ ಗಡಿಯಾರವನ್ನೂ ಅವಳನ್ನೂ ನೋಡಿದ. "ಒಂದೇ ಸಲ," ಎಂದ.

ಮಹದೇವು ಕೂತ. ಊರಿನಲ್ಲಿ ಅವನಿಗೆ ಮೊದಲು ಕಲಿಸಿದ ಮುದುಕ ಮೇಲ್ತುಟಿಯನ್ನೂ ಒಳಕ್ಕೆ ಮಡಚಿ ನುಡಿಸುತ್ತಿದ್ದ. ಹಲ್ಲು ತಾಕುತ್ತಲೇ ಇರಲಿಲ್ಲ. ಆ ನಾದ ಮೆದು. ಬೀದಿಯಲ್ಲಿ ಪಟಾಕಿಯ ನಡುವೆ ಕೇಳುವುದಿಲ್ಲವೆಂದು ಮಹದೇವು ಆ ಕ್ರಮ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಈಗ ತುಟಿ ಮಡಚಿ ವಾದ್ಯವನ್ನು ಒಳಗಿಟ್ಟುಕೊಂಡ. ಗಾಯದ ಮೇಲೆ ತುಟಿ ಒತ್ತಿತು. ಬಾಯಿ ಬೆಚ್ಚಗಾಯಿತು.

ಚಕ್ರಗಳು ತಿರುಗಿದವು. ಹೆಡ್‌ಫೋನಿನಲ್ಲಿ ಶಿಲ್ಪಶ್ರೀ ಮೊದಲ ಚರಣ ಮುಗಿಸುತ್ತಿದ್ದಳು. ಕೊನೆಯ ಸಾಲು ಇಳಿಯುತ್ತಿದ್ದಂತೆ ಅವನು ಊದಿದ. ಮೊದಲ ಸ್ವರ ಅವನೇ ಎಣಿಸಿದ್ದಕ್ಕಿಂತ ಸಣ್ಣಗೆ ಹೊರಟಿತು. ಅದನ್ನು ದೊಡ್ಡದು ಮಾಡಲು ಹೋಗಲಿಲ್ಲ. ಹಾಗೆಯೇ ಬಿಟ್ಟು, ಅದರ ಹಿಂದೆ ಮುಂದಿನದನ್ನು ಕಳಿಸಿದ. ಬಾಯಲ್ಲಿ ರಕ್ತ ತುಂಬುತ್ತಿತ್ತು, ನುಂಗುವ ಹಾಗಿಲ್ಲ. ಮೂರು ಸಲ ಕಿರ್ರೆಂದ ಜಾಗ ಹತ್ತಿರ ಬಂತು. ನಾಗಾರ್ಜುನ ಕೀಬೋರ್ಡಿನ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಮಹದೇವು ಉಸಿರೆಳೆದು ಮೇಲಿನ ಸ್ವರಕ್ಕೆ ಹೋದ. ಅದು ನಿಂತಿತು. ತುಟಿ ನಡುಗಿದ್ದಕ್ಕೆ ಸ್ವರವೂ ತುಸು ನಡುಗಿತು, ಆದರೆ ಒಡೆಯಲಿಲ್ಲ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿದು, ಎರಡನೆಯ ಚರಣದ ಬಾಗಿಲಿಗೆ ತಂದು ಬಿಟ್ಟ. ಬಿಂದುಮಾಧವ ಕೈ ಎತ್ತಲಿಲ್ಲ.

ಒಂದು ಗಂಟೆಗೆ ಐದು ನಿಮಿಷವಿತ್ತು. ಎರಡೂ ಯಂತ್ರದಲ್ಲಿವೆ, ಬೆಂಗಳೂರಿನಲ್ಲಿ ಕಂಪನಿಯವರ ಮುಂದೆ ಕೇಳಿ ಯಾವುದೆಂದು ತೀರ್ಮಾನಿಸುತ್ತೇವೆ ಎಂದ ಬಿಂದುಮಾಧವ. ಮಹದೇವು ಬಾಯಿ ತೆರೆಯದೆ ಕೈ ಮುಗಿದು ಹೊರಟ.

ಮೇ ತಿಂಗಳ ಮದುವೆಗಳಲ್ಲಿ ಅವನು ತುಟಿ ಮಡಚಿಯೇ ನುಡಿಸಿದ. ಸದ್ದು ಸಾಲದೆಂದು ಸಿದ್ದಲಿಂಗಸ್ವಾಮಿ ಅವನನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹಾಕಿದ. ಮನೆಗೆ ಕಳಿಸಲಿಲ್ಲ.

ಜುಲೈಯಲ್ಲಿ ಕ್ಯಾಸೆಟ್ ಅಂಗಡಿಗೆ ಬಂತು. ಮಹದೇವು ಕಾರ್ಖಾನೆಯಿಂದ ಬರುವಾಗ ಕೊಂಡು ತಂದ. ಮನೆಯ ಮೆಟ್ಟಿಲ ಮೇಲೆ ಕೂತು ಒಳಗಿನ ಹಾಳೆ ಬಿಡಿಸಿ ಓದಿದ. ಸಾಹಿತ್ಯ ಬರೆದವರು, ರಾಗ ಹಾಕಿದವರು, ಗಾಯಕಿ. ಎಲ್ಲಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ: ವಾದ್ಯ ಸಹಕಾರ, ನಾಗಾರ್ಜುನ ಮತ್ತು ತಂಡ. ಹಾಳೆಯನ್ನು ಮಗುಚಿ ನೋಡಿದ. ಹಿಂದೆ ಖಾಲಿ ಇತ್ತು.

ಹೆಂಡತಿ ಚಲುವಮ್ಮ ಪಕ್ಕದ ಮನೆಯ ಭಾಗ್ಯಮ್ಮನ ಟೇಪ್ ರೆಕಾರ್ಡರ್ ಕೇಳಿ ತಂದಿದ್ದಳು. ಮದುವೆಯಾದಾಗಿನಿಂದ ಅವಳು ಗಂಡನ ವಾದ್ಯ ಕೇಳಿದ್ದು ಅಡುಗೆಮನೆಯಿಂದ, ಅದೂ ಅಭ್ಯಾಸದ ತುಂಡುಗಳನ್ನು ಮಾತ್ರ. ಮೆರವಣಿಗೆಗೆ ಅವಳನ್ನು ಯಾರು ಕರೆಯುತ್ತಾರೆ? ಐದನೆಯ ಹಾಡು ಬರುವವರೆಗೆ ಅವಳು ಅಕ್ಕಿ ಆರಿಸುತ್ತ ಕೂತಳು. ಮಹದೇವು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಮೊದಲ ಚರಣ ಮುಗಿಯಿತು. ಕ್ಲಾರಿಯೋನೆಟ್ ಸಣ್ಣಗೆ ಎದ್ದಿತು. ಯಾರದೆಂದು ತಿಳಿಯಲು ಅವನಿಗೂ ಒಂದು ಕ್ಷಣ ಬೇಕಾಯಿತು. ಆಮೇಲೆ, ಮೇಲಿನ ಸ್ವರಕ್ಕೆ ಮುಂಚೆ, ಯಾರೋ ಉಸಿರೆಳೆದುಕೊಂಡ ಸದ್ದು ಸ್ಪಷ್ಟವಾಗಿ ಕೇಳಿತು.

ಚಲುವಮ್ಮನ ಕೈ ಅಕ್ಕಿಯಲ್ಲೇ ನಿಂತಿತು. "ನೀವಲ್ವಾ?" ಎಂದಳು.

ಮಹದೇವು ಹೌದೆಂದು ತಲೆಯಾಡಿಸಿದ.

ಅಷ್ಟರಲ್ಲಿ ಭಾಗ್ಯಮ್ಮ ಟೇಪ್ ರೆಕಾರ್ಡರ್ ಆಯಿತೇ ಎಂದು ಕೇಳಲು ಬಾಗಿಲಿಗೆ ಬಂದಳು. ಚಲುವಮ್ಮ ತುಟಿಯ ಮೇಲೆ ಬೆರಳಿಟ್ಟು, ಮೊರವನ್ನು ಗೋಡೆಯ ಕಡೆಗೆ ಸರಿಸಿ, ಚಾಪೆಯ ಮೇಲೆ ಅವಳಿಗೆ ಜಾಗ ಮಾಡಿದಳು.