ಪರದೆಗೆ ಹೇಳಿದ ಸುಳ್ಳು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ‘ನಿಮ್ಮ ಕಂಪ್ಯೂಟರಿನಲ್ಲಿ ಈ ಸಭೆ ತೆರೆಯುವುದಿಲ್ಲ’ ಎಂದು ಪರದೆಯ ಮೇಲೆ ಬಂತು.

ಹತ್ತೂವರೆಗೆ ಕಾರ್ಮಿಕ ನ್ಯಾಯಾಲಯದ ಆನ್‌ಲೈನ್ ವಿಚಾರಣೆ. ಲಿಂಕ್ ತೆರೆಯುವುದೇ ಹತ್ತು ನಿಮಿಷ ಮೊದಲು. ಮೊಬೈಲಿನಿಂದ ಬರುವಂತಿಲ್ಲ, ಹತ್ತೂ ಮುಕ್ಕಾಲರೊಳಗೆ ಹಾಜರಾಗದ ಸಾಕ್ಷಿಯನ್ನು ಕೈಬಿಡಲಾಗುವುದು ಎಂದು ನೋಟಿಸಿನಲ್ಲಿತ್ತು.

ಇದ್ದದ್ದು ಒಬ್ಬಳೇ ಸಾಕ್ಷಿ: ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸು. ಅವಳ ಜೊತೆಗಾತಿ ಇಸ್ತ್ರಿಯವಳ ಎರಡು ಬೆರಳು ಬಿಸಿ ರೋಲರಿಗೆ ಸಿಕ್ಕಿ ಸುಟ್ಟಿದ್ದವು. ಕೈ ತಡೆಯುವ ಕಂಬಿಯನ್ನು ಅವಳೇ ಬಿಚ್ಚಿದ್ದಳೆಂದು ಮಾಲೀಕರು ಅವಳನ್ನು ಕೆಲಸದಿಂದ ತೆಗೆದಿದ್ದರು. ಆ ಕಂಬಿ ಅಪಘಾತಕ್ಕೆ ಹದಿನಾರು ದಿನ ಮೊದಲೇ ಮುರಿದು ಬಾಯ್ಲರ್ ಕೋಣೆಯ ಮೂಲೆ ಸೇರಿದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು.

“ನಿನ್ನ ಲಿನಕ್ಸ್‌ಗಿಷ್ಟು ಬೆಂಕಿ ಹಾಕ!” ಎಂದು ತಮ್ಮನ ಮೇಲೆ ಹರಿಹಾಯ್ದಳು. ಹಳೆಯ ಕಂಪ್ಯೂಟರಿಗೆ ವಿಂಡೋಸ್ ಭಾರವಾಯಿತೆಂದು ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವನು ರೇಡಿಯೊ ರಿಪೇರಿ ಮಾಡುವ ಈ ತಮ್ಮನೇ.

“ಮೂರು ವರ್ಷದಲ್ಲಿ ಒಂದು ದಿನ ಕೈಕೊಟ್ಟಿದ್ಯಾ, ಹೇಳು? ಇದು ಅವರ ತಪ್ಪು ಅಕ್ಕ.”

“ತಪ್ಪು ಯಾರದಾದ್ರೂ ಇರ್ಲಿ. ಹೊಡೆತ ಬೀಳೋದು ಆ ಇಸ್ತ್ರಿಯವಳ ಹೊಟ್ಟೆ ಮೇಲೆ ಕಣೋ.”

ಹತ್ತು ಮೂವತ್ತೆರಡಕ್ಕೆ ನ್ಯಾಯಾಲಯದ ಸಹಾಯವಾಣಿ ಸಿಕ್ಕಿತು. “ಲಿನಕ್ಸ್ ನಡೆಯಲ್ಲ. ವಿಂಡೋಸ್ ಥರ ಒಪ್ಪಿಗೆ ಇರೋ ಕಂಪ್ಯೂಟರ್ ತನ್ನಿ ಮೇಡಂ.”

“ಹತ್ತು ನಿಮಿಷದಲ್ಲಿ ಎಲ್ಲಿಂದ ತರ್ಲಪ್ಪಾ? ಹಿತ್ತಲಲ್ಲಿ ಬಿಡುತ್ತಾ?”

“ನಿಯಮ ಮೇಡಂ.” ಫೋನ್ ಕಟ್ಟಾಯಿತು.

ಕ್ಯಾಮೆರಾ ಸರಿಯಿತ್ತು, ಮೈಕ್ ಸರಿಯಿತ್ತು, ಇಂಟರ್ನೆಟ್ಟೂ ಸರಿಯಿತ್ತು. ತಮ್ಮ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ. “ಇವ್ರು ಏನನ್ನೂ ಪರೀಕ್ಷೆ ಮಾಡ್ತಿಲ್ಲ. ಬ್ರೌಸರ್ ‘ನಾನು ಲಿನಕ್ಸ್’ ಅಂದ ಕೂಡ್ಲೇ ಬಾಗಿಲು ಹಾಕ್ತಾರೆ, ಅಷ್ಟೇ. ‘ವಿಂಡೋಸ್’ ಅಂತ ಹೇಳಿಸ್ತೀನಿ, ನೋಡ್ತಿರು.” ಸೆಟ್ಟಿಂಗಿನಲ್ಲಿ ಒಂದೇ ಒಂದು ಸಾಲು ಬದಲಿಸಿದ.

ಹತ್ತು ನಲವತ್ತೊಂದಕ್ಕೆ ಸಭೆ ತೆರೆಯಿತು. ನ್ಯಾಯಾಧೀಶೆಯ ಕನ್ನಡಕದ ಗೀರೂ ಕಾಣುವಷ್ಟು ಸ್ಪಷ್ಟ ಚಿತ್ರ. ಸಮಾಧಾನವಾಗುವ ಬದಲು ಅಕ್ಕನಿಗೆ ಮೈಯೆಲ್ಲ ಉರಿಯಿತು. ಏನೂ ಕೆಟ್ಟಿರಲಿಲ್ಲ. ಬರೀ ಹೆಸರು ಕೇಳಿ ಹೊರಗೆ ನಿಲ್ಲಿಸಿದ್ದರು.

“ಸತ್ಯವನ್ನೇ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ ಎನ್ನಿ,” ಎಂದ ಗುಮಾಸ್ತ.

“ಅದಕ್ಕೆ ಮುಂಚೆ ಒಂದು ಮಾತು. ಒಂದು ಸುಳ್ಳು ಹೇಳೇ ಒಳಗೆ ಬಂದಿದೀನಿ. ಅದನ್ನ ಮೊದಲು ಬರ್ಕೊಳ್ಳಿ.” ತಮ್ಮ ಕ್ಯಾಮೆರಾಕ್ಕೆ ಕಾಣದಂತೆ ಅವಳ ಸೆರಗು ಜಗ್ಗಿದ. ಅವಳು ಅವನ ಕೈ ಕೊಡವಿ, ನಡೆದದ್ದನ್ನೆಲ್ಲ ಹೇಳಿದಳು.

ಮಾಲೀಕರ ವಕೀಲ ನಕ್ಕು ನ್ಯಾಯಾಧೀಶೆಯನ್ನು ಕೇಳಿದ. “ಹೀಗೆ ನುಸುಳಿ ಬಂದವರ ಸಾಕ್ಷ್ಯ ನಂಬೋದು ಹೇಗೆ ಮೇಡಂ?”

“ನಿಜ ಹೇಳಿದ್ದಕ್ಕೆ ಇಪ್ಪತ್ತು ನಿಮಿಷ ಹೊರಗೆ ಕಾಯ್ಸಿದ್ರಲ್ಲ, ಅದನ್ನೂ ಕೇಳಿ ವಕೀಲ್ರೇ! ಸತ್ಯ ಹೇಳು ಅಂತ ಕರೀತಾರೆ, ಸುಳ್ಳು ಹೇಳಿದ್ರೇನೇ ಒಳಗೆ ಬಿಡ್ತಾರೆ. ಇದ್ಯಾವ ಸೀಮೆ ನ್ಯಾಯ?”

ವಕೀಲ ಲಿಖಿತವಾಗಿ ಆಕ್ಷೇಪಿಸಿದ. ನ್ಯಾಯಾಧೀಶೆ ಇಬ್ಬರ ಮಾತನ್ನೂ ದಾಖಲಿಸಿ, ಗುರುವಾರ ಖುದ್ದಾಗಿ ಬಂದು ಸಾಕ್ಷ್ಯ ಹೇಳುವಂತೆ ಅಕ್ಕನಿಗೆ ಹೇಳಿದರು.

ಗುರುವಾರ ಅವಳು ರಜೆ ಹಾಕಿ, ಎರಡು ಬಸ್ಸು ಬದಲಿಸಿ ಹೋಗಿ, ಕಂಬಿಯ ವಿಷಯ ಹೇಳಿದಳು. ನಾಲ್ಕು ನಿಮಿಷ ಹಿಡಿಯಿತು. ಹತ್ತೊಂಬತ್ತು ದಿನಗಳ ನಂತರ ಆದೇಶ ಬಂತು. ಮರು ಸೋಮವಾರ ಇಸ್ತ್ರಿಯವಳು ಕೆಲಸಕ್ಕೆ ಹಾಜರಾದಳು.