ಹನ್ನೆರಡು ಬಸ್ಸು, ಒಂದೇ ಟಪರಿ

ಪುಣೆಯಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನಂಬಿ ಅನ್ನ ಉಣ್ಣುವ ಕನ್ನಡಿಗರದೊಂದು ಟೆಲಿಗ್ರಾಂ ಗುಂಪಿದೆ. ನೂರಾ ನಲವತ್ತು ಜನ. ಅದರ ಅಡ್ಮಿನ್ ನಾನು, ಅಭಿಲಾಷ, ತುಮಕೂರಿನವನು. ನನ್ನನ್ನು ಯಾರೂ ಆರಿಸಿದ್ದಲ್ಲ. ಗುಂಪು ಕಟ್ಟಿದವನು ಗೋ ಬಿಟ್ಟು ಪೈಥಾನ್ ಕಡೆ ಹೊರಟುಹೋದಾಗ ಕೀಲಿಕೈ ನನಗೆ ಬಂತು. ಅಲ್ಲಿಯವರೆಗೆ ಅದು ಸಂತೆಯಾಗಿತ್ತು. ನಾನು ಬಂದು ಶಿಸ್ತು ತಂದೆ.

ಮೂರೇ ನಿಯಮ. ಒಂದು, ಬೆಳಗಾದರೆ ಹೂವಿನ ಚಿತ್ರ ಹಾಕಿ ಶುಭೋದಯ ಹೇಳಬಾರದು. ಎರಡು, ತೊಂದರೆ ಇದ್ದವರು ತಮ್ಮ ಪ್ರೋಗ್ರಾಮನ್ನು ಪೂರ್ತಿ ತಂದು ಸುರಿಯಬಾರದು. ಕತ್ತರಿಸಿ ಕತ್ತರಿಸಿ, ಅದೇ ತಪ್ಪನ್ನು ತೋರಿಸುವ ಇಪ್ಪತ್ತು ಸಾಲಿನ ಪುಟ್ಟ ಪ್ರೋಗ್ರಾಂ ಮಾಡಿ ತರಬೇಕು. ಮೂರು, ವಾಯ್ಸ್ ಮೆಸೇಜ್ ಕಳಿಸಬಾರದು. ಎರಡನೆಯದು ನಾನು ಹುಟ್ಟಿಸಿದ್ದಲ್ಲ, ಜಗತ್ತಿನ ಪ್ರೋಗ್ರಾಮರುಗಳೆಲ್ಲ ಒಪ್ಪಿದ್ದು. ಹಲ್ಲುನೋವಿನವನು ಹಲ್ಲು ತೋರಿಸಬೇಕೇ ಹೊರತು ವಂಶಾವಳಿ ಹೇಳುತ್ತ ಕೂರಬಾರದು. ಬೆಳಿಗ್ಗೆ ಎದ್ದ ಕೂಡಲೇ ನಾನು ಬಂದ ಪ್ರಶ್ನೆಗಳನ್ನೆಲ್ಲ ನೋಡಿ, ಮುಕ್ಕಾಲು ಪಾಲಿಗೆ "ಎರಡನೆಯ ನಿಯಮ ಓದಿ" ಎಂದು ಬರೆದು, ಆಮೇಲೆ ಹಲ್ಲುಜ್ಜುತ್ತಿದ್ದೆ.

ಮೂರು ತಿಂಗಳ ಹಿಂದೆ ಪುಣೆ ಪಕ್ಕದ ಚಾಕಣದಿಂದ ಗುರಣ್ಣ ಎಂಬವರು ಸೇರಿದರು. ಯಾದಗಿರಿ ಕಡೆಯವರು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೊದಲು ಮಷೀನ್ ಮೇಲಿದ್ದವರು, ಈಗ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ, ಗೋ ತಾವೇ ಕಲಿತಿದ್ದಾರೆ. ಸೇರಿದ ಮಾರನೆಯ ದಿನವೇ ಆರು ನಿಮಿಷದ ವಾಯ್ಸ್ ಮೆಸೇಜ್ ಬಿಟ್ಟರು. "ಎಲ್ಲಾರಿಗೂ ಶರಣ್ರಿ. ಮೊನ್ನೆ ನಾವು ಮನಿ ಮಂದಿ ಎಲ್ಲಾ ಕೂಡಿ ಜೇಜುರಿಗಿ ಹೋಗಿದ್ವಿರಿ..." ಎಂದು ಶುರುವಾಯಿತು. ನಲವತ್ತು ಸೆಕೆಂಡು ಕೇಳಿದೆ. ಅಲ್ಲಿನ ಖಂಡೋಬನ ಗುಡಿಯ ಮೆಟ್ಟಿಲು ಇನ್ನೂ ಹತ್ತುತ್ತಲೇ ಇದ್ದರು. ಮೆಸೇಜ್ ಅಳಿಸಿದೆ, ಗುರಣ್ಣನವರನ್ನೂ ಗುಂಪಿನಿಂದ ತೆಗೆದೆ. ಅವತ್ತು ತಿಂಡಿ ಚೆನ್ನಾಗಿ ರುಚಿಸಿತು.

ಇನ್ನು ನನ್ನ ಕೆಲಸದ ವಿಷಯ. ಹಿಂಜವಾಡಿಯ ನಮ್ಮ ಕಂಪನಿಗೆ ಹನ್ನೆರಡು ಶಟಲ್ ಬಸ್ಸುಗಳಿವೆ. ಅವು ಎಲ್ಲಿವೆ ಎಂದು ನೋಡುವ ಪ್ರೋಗ್ರಾಂ ಹಳೆಯದು, ನನ್ನದೇ. ಹೋದ ತಿಂಗಳು ಅದಕ್ಕೊಂದು ಹೊಸ ವರದಿ ಸೇರಿಸಿದೆ: ಬೆಳಗಿನ ಹೊತ್ತು ಯಾವ ಬಸ್ಸು ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ನಿಂತಿತ್ತು ಎನ್ನುವುದು. ಎಲ್ಲಿದ್ದೀಯ ಎಂದು ಒಂದೊಂದೇ ಬಸ್ಸನ್ನು ಕೇಳುತ್ತ ಕೂತರೆ ತಡ ಎಂದು ಹನ್ನೆರಡನ್ನೂ ಒಟ್ಟಿಗೆ ಕೇಳುವ ಹಾಗೆ ಬರೆದೆ. ಗೋ ಭಾಷೆಯ ಹೆಗ್ಗಳಿಕೆಯೇ ಅದು, ಪ್ರೋಗ್ರಾಮಿನೊಳಗೆ ಹತ್ತಾರು ಕೆಲಸಗಾರರನ್ನು ಏಕಕಾಲಕ್ಕೆ ಓಡಿಸಬಹುದು.

ವಾರದಲ್ಲೇ ಗದ್ದಲವಾಯಿತು. ಬಸ್ಸುಗಳ ಉಸ್ತುವಾರಿ ನೋಡುವ ರಂಜಿನಿ ಮೇಡಂ ನನ್ನನ್ನು ಕರೆದರು. ಹನ್ನೆರಡೂ ಬಸ್ಸುಗಳು ದಿನಾ ಹದಿಮೂರು ನಿಮಿಷ ವಾಕಡದ ಶಿವಕಾಂತಾ ಟೀ ಎಂಬ ಒಂದೇ ಟಪರಿಯ, ಅಂದರೆ ರಸ್ತೆಬದಿಯ ಚಹಾ ಗೂಡಂಗಡಿಯ, ಮುಂದೆ ನಿಲ್ಲುತ್ತಿವೆ ಎಂದಿತ್ತು ವರದಿ.

"ಡ್ರೈವರ್‌ಗಳು ದಿನಾ ಮೀಟಿಂಗ್ ಮಾಡ್ತಿದಾರೆ ಅಭಿಲಾಷ," ಎಂದರು ಮೇಡಂ. "ಪ್ಯಾಸೆಂಜರ್ಸ್‌ನ ಕೇಳಿದೆ. ಅರ್ಧ ಜನ ನಿದ್ದೆ ಮಾಡ್ತಿದ್ರಂತೆ. ಉಳಿದವರು, ಹಿಂಜವಾಡಿ ರೋಡಲ್ಲಿ ಬಸ್ಸು ನಿಂತಿದ್ಯೋ ಹೋಗ್ತಿದ್ಯೋ ಹೇಗೆ ಗೊತ್ತಾಗುತ್ತೆ ಅಂತಾರೆ. ನಿಮ್ಮ ಸಾಫ್ಟ್‌ವೇರ್ ಸರಿ ಇದೆ ತಾನೆ?"

ನನಗೆ ರೇಗಿತು. ಸರಿ ಇದೆ ತಾನೆ ಎಂದು ನನ್ನನ್ನು ಕೇಳುವುದೇ? "ಪ್ರೋಗ್ರಾಮಿನಲ್ಲಿ ಯಾವ ದೋಷವೂ ಇಲ್ಲ" ಎಂದು ಅಲ್ಲೇ ನಿಂತು ಮೇಲ್ ಕಳಿಸಿದೆ. ಮೇಡಂ ಅದನ್ನು ಆಧಾರವಾಗಿಟ್ಟುಕೊಂಡು, ಶುಕ್ರವಾರ ನಾಲ್ಕು ಗಂಟೆಗೆ ಹನ್ನೆರಡೂ ಡ್ರೈವರುಗಳನ್ನು ತೆಗೆದುಹಾಕುವುದೆಂದು ತೀರ್ಮಾನಿಸಿದರು.

ಬುಧವಾರ ಬಸ್ಸಿನಿಂದ ಇಳಿಯುವಾಗ ಡ್ರೈವರ್ ಬಾಬು ನನ್ನನ್ನು ತಡೆದರು. ನಾನು ಓಡಾಡುವ ಹನ್ನೆರಡನೇ ನಂಬರ್ ಬಸ್ಸು ಅವರದು. ರಾಯಚೂರು ಕಡೆಯವರು, ಮಿತಭಾಷಿ.

"ಸರ, ಒಂದ್ ಮಾತ್ರಿ. ಎಲ್ಲಾ ಗಾಡಿ ಆ ಟಪರಿ ಮುಂದ ನಿಂತಾವು ಅಂತ ಬಂದದಂತ. ನಂದು ಬಿಡ್ರಿ, ನಂದು ಬ್ಯಾರೆ ಮಾತು. ಆದ್ರ ಏಳನೇ ಗಾಡಿ ಊರಿನ ಆ ಕಡಿ ಹಡಪಸರದಿಂದ ಬರ್ತದ. ಅದು ವಾಕಡದ ಮಾರಿನೇ ನೋಡಿಲ್ರಿ. ಹನ್ನೊಂದು ಮಂದಿ ಹೊಟ್ಟಿ ಮ್ಯಾಲ ಬರ್ತದ. ಒಮ್ಮೆ ನೋಡ್ರಿ ಸರ."

ಸಾಫ್ಟ್‌ವೇರ್ ಸುಳ್ಳು ಹೇಳುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು, ಹಡಪಸರ ಎಂಬ ಮಾತಿಗೆ ಮುಚ್ಚಿದೆ. ಮೇಲೆ ಹೋಗಿ ವರದಿ ತೆಗೆದು ನೋಡಿದರೆ ಹನ್ನೆರಡು ಬಸ್ಸುಗಳ ಅಕ್ಷಾಂಶ ರೇಖಾಂಶ ಕೊನೆಯ ಅಂಕಿಯವರೆಗೆ ಒಂದೇ. ಅಂದರೆ ಅವು ಅಕ್ಕಪಕ್ಕ ನಿಂತಿರಲಿಲ್ಲ, ಇಡ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ನಿಂತಿದ್ದವು.

ಮೇಡಂ ಹತ್ತಿರ ಓಡಿದೆ. "ಏನೋ ತಪ್ಪಿದೆ ಅಂದ್ರೆ ನಾನು ಮೇಲಿನವರಿಗೆ ಏನು ಹೇಳಲಿ? ನಿಮ್ಮ ಮೇಲ್ ಅವರಿಗೂ ಹೋಗಿದೆ," ಎಂದರು. "ಯಾಕೆ ತಪ್ಪಿದೆ ಅಂತ ಕಾರಣ ತನ್ನಿ. ಶುಕ್ರವಾರ ನಾಲ್ಕು ಗಂಟೆ."

ನನ್ನದೇ ನಿಯಮದ ಪ್ರಕಾರ ಪುಟ್ಟ ಪ್ರೋಗ್ರಾಂ ಮಾಡಲು ಕೂತೆ. ಹೊಸ ಫೋಲ್ಡರಿನಲ್ಲಿ ಹೊಸದಾಗಿ ಇಪ್ಪತ್ತೇ ಸಾಲು: ಹನ್ನೆರಡು ಬಸ್ಸು, ಹನ್ನೆರಡು ಕೆಲಸಗಾರರು. ಓಡಿಸಿದರೆ ಹನ್ನೆರಡು ಬಸ್ಸು ಹನ್ನೆರಡು ಜಾಗದಲ್ಲಿ, ಬಹಳ ಸುಂದರವಾಗಿ. ದೊಡ್ಡದನ್ನು ಓಡಿಸಿದರೆ ಎಲ್ಲ ಟಪರಿಯ ಮುಂದೆ. ಅದೇ ಸಾಲುಗಳು, ಅದೇ ಲ್ಯಾಪ್‌ಟಾಪು. ಹತ್ತು ಸಲ ಮಾಡಿದೆ. ಡಾಕ್ಟರ ಎದುರು ಕೂತ ಕೂಡಲೇ ನಿಲ್ಲುವ ಕೆಮ್ಮಿನ ಹಾಗೆ, ಪುಟ್ಟ ಪ್ರೋಗ್ರಾಮಿಗೆ ಬಂದ ಕೂಡಲೇ ತಪ್ಪು ಮಾಯ.

ಗುರುವಾರ ಮಧ್ಯಾಹ್ನ ನಾಚಿಕೆ ಬಿಟ್ಟು ಗುಂಪಿನಲ್ಲಿ ಕೇಳಿದೆ. ಪುಟ್ಟದನ್ನೂ ಹಾಕಿದೆ, ದೊಡ್ಡದರ ಎಂಟುನೂರು ಸಾಲನ್ನೂ ಸುರಿದೆ.

ಮೊದಲು ಬಂದವನು ಅಶ್ವಿನ್, ಬಾನೇರಿನಲ್ಲಿರುವ ಬೆಂಗಳೂರು ಹುಡುಗ. ನನ್ನಿಂದ ಏಳು ಸಲ ಎರಡನೆಯ ನಿಯಮ ಓದಿಸಿಕೊಂಡವನು. "ಅಡ್ಮಿನ್ ಸರ್, ನಿಮ್ಮ ಪುಟ್ಟ ಪ್ರೋಗ್ರಾಂ ಪರ್ಫೆಕ್ಟ್ ಆಗಿ ಓಡ್ತಿದೆ. ತಪ್ಪೇ ಇಲ್ಲದ ಪ್ರಶ್ನೆ ಕೇಳಿದ್ದೀರಾ. ದಯವಿಟ್ಟು ಎರಡನೆಯ ನಿಯಮ ಓದಿ." ಅದಕ್ಕೆ ಅರವತ್ತು ಜನ ನಗುವ ಮುಖ ಒತ್ತಿದರು. ನನಗೆ ಗುಂಪಿನಲ್ಲಿ ಇಷ್ಟು ಜನ ಎಚ್ಚರವಾಗಿದ್ದಾರೆಂದೇ ಗೊತ್ತಿರಲಿಲ್ಲ. ಆಮೇಲೆ ಚರ್ಚೆ ಪ್ರೋಗ್ರಾಮಿನಲ್ಲಿ ಬಸ್ಸಿಗೆ "bus" ಎಂದು ಹೆಸರಿಡಬೇಕೋ ಬರೀ "b" ಸಾಕೋ ಎಂಬ ಕಡೆ ಹೊರಳಿತು. ಗೋ ಮಂದಿಗೆ ಗಿಡ್ಡ ಹೆಸರು ಪ್ರಾಣ. ನಲವತ್ತಾರು ಮೆಸೇಜು ಬಂದವು. ಹನ್ನೆರಡು ಮನೆಯ ಒಲೆ ಆರುವುದರಲ್ಲಿದೆ, ಇವರು ಬಸ್ಸಿಗೆ ನಾಮಕರಣ ಮಾಡುತ್ತಿದ್ದಾರೆ! ಆದರೆ ಯಾರ ಮೇಲೆ ಸಿಟ್ಟಾಗಲಿ? ಈ ಪಾಠಶಾಲೆಯ ಹೆಡ್‌ಮಾಸ್ತರು ನಾನೇ.

ಕೊನೆಗೆ ಸಿಂಧೂರ ಎಂಬ ಹುಡುಗಿ ಬರೆದಳು: "ಆ ಚಾಕಣದ ಗುರಣ್ಣ ಇದೇ ಥರ ಏನೋ ಹೇಳಿದ್ರಲ್ಲ? ಆರು ಮಷೀನೂ ಒಂದೇ ಮಷೀನಿನ ಬಿಸಿ ತೋರಿಸ್ತಿದ್ವು ಅಂತ. ಪೂರ್ತಿ ಕೇಳೋಷ್ಟರಲ್ಲಿ ಮೆಸೇಜ್ ಡಿಲೀಟ್ ಆಯ್ತು."

ಡಿಲೀಟ್ ಮಾಡಿದವರು ಯಾರೆಂದು ಅವಳು ಬರೆಯಲಿಲ್ಲ. ಒಳ್ಳೆಯ ಹುಡುಗಿ.

ನಂಬರು ಹುಡುಕಿ ಸಂಜೆ ಗುರಣ್ಣನವರಿಗೆ ಫೋನ್ ಮಾಡಿದೆ. ಹಿಂದೆ ಪ್ರೆಸ್ ಮಷೀನುಗಳ ಧಡಧಡ ಸದ್ದು.

"ಸರ್, ನಾನು ಅಭಿಲಾಷ. ಗೋ ಗ್ರೂಪ್ ಅಡ್ಮಿನ್. ಅವತ್ತು ನಿಮ್ಮನ್ನ ರಿಮೂವ್ ಮಾಡಿದ್ದು ನನ್ನ ತಪ್ಪು. ಸಾರಿ."

"ಅಯ್ಯ, ಅದ್ಯಾಕ್ರಿ ಸಾರಿ! ನನ್ನ ಫೋನೇ ಕೆಟ್ಟದ ಅಂದ್ಕೊಂಡಿದ್ದೆ. ಮತ್ತ ಆ ಮೆಸೇಜು ಕೇಳಿದ್ರೇನು?"

"ಪೂರ್ತಿ ಕೇಳಿಲ್ಲ ಸರ್. ಅದರಲ್ಲಿ ನಿಮ್ಮ ಪ್ರಶ್ನೆ ಏನಿತ್ತು?"

"ಪ್ರಶ್ನಾ ಎಲ್ಲದ್ರಿ? ಉತ್ತರ ಸಿಕ್ಕಿತ್ತು, ಎಲ್ಲಾರಿಗೂ ಉಪಯೋಗ ಆಗ್ಲಿ ಅಂತ ಹೇಳಿದ್ದೆ. ಇರ್ರಿ, ಮೊದಲಿಂದ ಹೇಳ್ತೀನಿ. ಮೊನ್ನೆ ಅಲ್ಲ, ಅವಾಗ ನಾವು ಜೇಜುರಿಗಿ ಹೋಗಿದ್ವಿರಿ..."

ಅವರ ಜೊತೆ ಫೋನಿನಲ್ಲೇ ನಾನು ಮೆಟ್ಟಿಲುಗಳನ್ನೆಲ್ಲ ಹತ್ತಿದೆ. ಭಂಡಾರದ ಅರಿಶಿನ ಹಾರಿಸಿದೆ. ಅವರ ಹೆಂಡತಿ ಮಾನಮ್ಮನವರ ಚಪ್ಪಲಿ ಕಳೆದು ಸಿಕ್ಕಿತು. ಹುಂ, ಹುಂ ಎನ್ನುತ್ತ ನಿಂತೆ. ನಡುವೆ ಒಮ್ಮೆ "ಕೊನೆಗೆ ಏನಾಯ್ತು ಸರ್?" ಎಂದಿದ್ದಕ್ಕೆ "ಬರ್ತೀನ್ರಿ, ಅಲ್ಲಿಗೇ ಬರ್ತೀನಿ" ಎಂದರು. ಬಂದರು ಕೂಡ. ನಾನೂ ನನ್ನ ಹನ್ನೆರಡು ಬಸ್ಸಿನ ಕಥೆ, ಹೊಸ ಫೋಲ್ಡರಿನ ಪುಟ್ಟ ಪ್ರೋಗ್ರಾಮಿನ ಕಥೆ ಹೇಳಿದೆ.

"ನಿಮ್ಮ ಹನ್ನೆರಡು ಕೆಲಸದವ್ರಿಗಿ ಒಂದೇ ಬೋರ್ಡ್ ಅದರಿ. ಸೂಪರ್‌ವೈಸರ್ ಒಂದನೇ ಬಸ್ಸು ಅಂತ ಬರೀತಾನ, ಒರಸ್ತಾನ, ಎರಡನೇದು ಅಂತ ಬರೀತಾನ. ಕೆಲಸದವ್ರು ತಲಿ ಎತ್ತಿ ನೋಡೂದ್ರಾಗ ಬೋರ್ಡ್ ಮ್ಯಾಲ ಕಡೀ ಬಸ್ಸಿನ ಹೆಸರಷ್ಟೇ ಉಳಿದಿರ್ತದ. ಎಲ್ಲಾರೂ ಅದನ್ನೇ ನೋಡಕ್ಕ ಹೋಗ್ತಾರ."

"ಅದು ಗೊತ್ತು ಸರ್, ಹಳೇ ಕಾಯಿಲೆ. ಆದ್ರೆ ಹೊಸ ಗೋನಲ್ಲಿ ಅದನ್ನ ಸರಿ ಮಾಡಿದಾರಲ್ಲ? ಈಗ ಒಬ್ಬೊಬ್ಬನಿಗೆ ಒಂದೊಂದು ಚೀಟಿ ಕೊಡುತ್ತೆ. ನಾನು ಹಾಕ್ಕೊಂಡಿರೋದು ಹೊಸದೇ."

"ಗೋ ಹೊಸದು ಇರ್ಬಹುದ್ರಿ. ಪ್ರಾಜೆಕ್ಟು ಹಳೇದಲ್ಲ? ಅದ್ರಾಗ go.mod ಅಂತ ಸಣ್ಣ ಫೈಲ್ ಇರ್ತದ, ತಗೀರಿ. ಯಾವ ನಂಬರ್ ಬರದದ?"

ತೆಗೆದೆ. 1.19 ಎಂದು ಹಳೆಯ ಗೋದ ನಂಬರಿತ್ತು. ಪ್ರಾಜೆಕ್ಟು ಶುರುವಾದ ದಿನ ನಾನೇ ಬರೆದು ಮರೆತಿದ್ದ ಸಾಲು.

"ಅಷ್ಟೇ ನೋಡ್ರಿ. ನಾನು ಹಳೇ ಕಾಲದಾಂವ ಅಂತ ಅದು ಹೇಳ್ಕೊಂಡದ. ಗೋ ಅದರ ಮಾತಿಗಿ ಮರ್ಯಾದಿ ಕೊಟ್ಟು ಹಳೇ ಪದ್ಧತಿಯಾಗೇ ನಡಸ್ತದ. ನೀವು ಸಣ್ಣ ಪ್ರೋಗ್ರಾಂ ಹೊಸ ಫೋಲ್ಡರ್‌ದಾಗ ಮಾಡಿದ್ರಿ, ಅಲ್ಲಿ ಹೊಸ ನಂಬರ್ ಬಿತ್ತು, ತಪ್ಪು ಕಾಣಲಿಲ್ಲ. ನಮ್ ಕಡಿ ಮಷೀನ್ ಕೆಟ್ರ ಸಣ್ಣ ಮಷೀನ್ ಮಾಡಿ ನೋಡೂದಿಲ್ರಿ. ಕೆಟ್ಟಿದ್ದ ಮಷೀನ್ ಮುಂದೇ ಹೋಗಿ ನಿಂದರ್ತೀವಿ."

ಅಲ್ಲಿ ಹೊಸ ಗೋದ ನಂಬರು ಹಾಕಿದೆ. ಗುರಣ್ಣನವರನ್ನು ಗುಂಪಿಗೆ ಮತ್ತೆ ಸೇರಿಸಿ, ಮೂರನೆಯ ನಿಯಮವನ್ನು ಅಳಿಸಿದೆ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾದ ವರದಿ ಬಂತು. ಹನ್ನೊಂದು ಬಸ್ಸು ಎಲ್ಲೂ ನಿಂತಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಕೊನೆಯ ಸಾಲು ಓದುವವರೆಗೆ ಮಾತ್ರ. ಹನ್ನೆರಡನೇ ಬಸ್ಸು: ಶಿವಕಾಂತಾ ಟೀ, ಹದಿಮೂರು ನಿಮಿಷ.

ಅಂದರೆ ಬಾಬು ನಿಜವಾಗಿಯೂ ನಿಲ್ಲಿಸುತ್ತಿದ್ದರು! ನನ್ನ ಪಿತ್ತ ನೆತ್ತಿಗೇರಿತು. ಇವರಿಗಾಗಿ ನಾನು ನೂರಾ ನಲವತ್ತು ಜನರೆದುರು ಮಾನ ಕಳೆದುಕೊಂಡೆ, ಇವರು ಆರಾಮಾಗಿ ಚಹಾ ಹೀರುತ್ತಿದ್ದಾರೆ. ಪಾರ್ಕಿಂಗಿಗೆ ಇಳಿದು ಹೋದೆ.

"ಬಾಬು ಅವ್ರೇ, ದಿನಾ ಆ ಟಪರಿ ಮುಂದೆ ಹದಿಮೂರು ನಿಮಿಷ ಏನ್ ಮಾಡ್ತೀರಾ?"

ಅವರು ತಲೆ ಕೆರೆದುಕೊಂಡರು. "ಕಾಯ್ತೀನ್ರಿ."

"ಯಾರನ್ನ?"

"ನಿಮ್ಮನ್ನರಿ."

"ನನ್ನನ್ನಾ?"

"ಗಾಡಿ ಟೈಮ್ ಎಂಟು ಐದಕ್ಕರಿ. ನೀವು ಬರೂದು ಎಂಟು ಹದಿನೆಂಟಕ್ಕ. ಫೋನ್ ನೋಡ್ಕೋತ ಬರ್ತೀರಲ್ಲ, ಏನೋ ದೊಡ್ಡ ಕೆಲಸ ಇರ್ಬೇಕು ಅಂತ... ಕನ್ನಡದವ್ರು ಬ್ಯಾರೆ. ಬಿಟ್ಟು ಹೆಂಗ ಹೋಗಲ್ರಿ? ಉಳಿದ ಮಂದಿ ಮಲ್ಕೊಂಡಿರ್ತಾರ, ಯಾರೂ ಏನೂ ಅನ್ನಂಗಿಲ್ಲ."

ನಾನು ಹೋದಾಗಲೆಲ್ಲ ಬಸ್ಸು ನಿಂತೇ ಇರುತ್ತಿತ್ತು. ಅದನ್ನು ಬಸ್ಸಿನ ಸಮಯಪಾಲನೆ ಎಂದುಕೊಂಡಿದ್ದೆ. ಎರಡು ವರ್ಷ ಅದೇ ಟಪರಿಯ ಮುಂದೆ ಬಸ್ಸು ಹತ್ತಿದ್ದೇನೆ, ಒಮ್ಮೆಯೂ ತಲೆಯೆತ್ತಿ ಅದರ ಬೋರ್ಡು ಓದಿರಲಿಲ್ಲ.

ನಾಲ್ಕು ಗಂಟೆಗೆ ಮೇಡಂ ವರದಿ ನೋಡಿದರು. ತೆಗೆದುಹಾಕುವವರ ಪಟ್ಟಿಯಲ್ಲಿ ಹನ್ನೊಂದು ಹೆಸರಿಗೆ ಅಡ್ಡಗೆರೆ ಎಳೆದು, ಬಾಬು ಅವರನ್ನು ಒಳಗೆ ಕರೆಸಿ ಕೇಳಿದರು. ಬಾಬು ನನ್ನ ಕಡೆ ನೋಡಲೂ ಇಲ್ಲ. "ಚಹಾಕ್ಕ ನಿಂತಿದ್ದೆ ಮೇಡಂ. ತಪ್ಪಾತ್ರಿ," ಎಂದರು.

ಉಳಿದ ಒಂದು ಹೆಸರಿನ ಪಟ್ಟಿಗೆ ಸಹಿ ಹಾಕಲು ಮೇಡಂ ಪೆನ್ನು ತೆರೆದರು. ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿರೋಣ ಎಂದು ಒಂದು ಕ್ಷಣ ಅನಿಸಿತು ಕೂಡ, ಸುಳ್ಳೇಕೆ ಹೇಳಲಿ. ಆದರೆ ಆ ಮನುಷ್ಯ ನನ್ನ ಸಲುವಾಗಿ ಕುಡಿಯದ ಚಹಾ ಕುಡಿದೆ ಎಂದು ಒಪ್ಪಿಕೊಂಡು ನಿಂತಿದ್ದರು.

"ಮೇಡಂ, ಅವರು ಚಹಾ ಕುಡೀತಿರಲಿಲ್ಲ. ನನಗೋಸ್ಕರ ನಿಲ್ಲಿಸ್ತಿದ್ರು. ದಿನಾ ಲೇಟಾಗಿ ಬರೋನು ನಾನು."

ಮೇಡಂ ನನ್ನನ್ನೇ ನೋಡಿದರು. "ಅಂದ್ರೆ ಪ್ರೋಗ್ರಾಮಿನ ತಪ್ಪೂ ನಿಮ್ಮದೇ, ಬಸ್ಸಿನ ತಪ್ಪೂ ನಿಮ್ಮದೇ?"

"ಹೌದು ಮೇಡಂ."

ಬಾಬು ಅವರ ಹೆಸರಿಗೂ ಅಡ್ಡಗೆರೆ ಬಿತ್ತು. ನನ್ನ ಬಸ್ ಪಾಸು ಮೂರು ತಿಂಗಳು ರದ್ದಾಯಿತು.

ಸೋಮವಾರ ಎಂಟು ಗಂಟೆಗೇ ಟಪರಿಯ ಮುಂದೆ ಆಟೋಗೆ ಕಾಯುತ್ತ ನಿಂತಿದ್ದೆ. ಎಂಟು ಐದಕ್ಕೆ ಸರಿಯಾಗಿ ಹನ್ನೆರಡನೇ ನಂಬರ್ ಬಂತು. ಬಾಗಿಲು ತೆರೆಯಿತು. ನಾನು ಕೈಮುಗಿದು, "ಪಾಸಿಲ್ಲ, ಹೋಗಿ" ಎಂದೆ. ಬಾಬು ತಲೆಯಾಡಿಸಿದರು, ಆದರೆ ಹೊರಡಲಿಲ್ಲ. ಕನ್ನಡದವನೊಬ್ಬ ಎದುರಿಗೇ ನಿಂತಿರುವಾಗ ಬಿಟ್ಟು ಹೋಗಲು ಅವರಿಗೆ ಕಾಲು ಬರುತ್ತಿರಲಿಲ್ಲ. ಆಟೋ ಸಿಗಲಿ, ಆಮೇಲೆ ಹೊರಡೋಣ ಎಂದು ಕಾಣುತ್ತದೆ, ಎಂಜಿನ್ ಆರಿಸಿ ಕೂತೇಬಿಟ್ಟರು. ಐದು ನಿಮಿಷವಾಯಿತು, ಏಳಾಯಿತು. ನಾನು ಬಸ್ಸಿನ ಮೈ ತಟ್ಟಿ ಹೋಗಿ ಹೋಗಿ ಎಂದು ಗೋಗರೆದೆ. ಹತ್ತು ನಿಮಿಷ ದಾಟಿದರೆ ಅವರ ಹೆಸರು ಮೇಡಂಗೆ ಹೋಗುತ್ತದೆ, ಪ್ರೋಗ್ರಾಂ ಈಗ ಸುಳ್ಳು ಹೇಳುವುದಿಲ್ಲ. ಎಂಟನೆಯ ನಿಮಿಷಕ್ಕೆ ನನಗೆ ಬೇರೆ ದಾರಿ ತೋಚಲಿಲ್ಲ. ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡು ಟಪರಿಯ ಹಿಂದೆ ಹಾಲಿನ ಕ್ರೇಟುಗಳ ನಡುವೆ ಕುಕ್ಕರಗಾಲಿನಲ್ಲಿ ಅಡಗಿ ಕೂತೆ. ಬಸ್ಸು ಹೊರಟ ಸದ್ದು ಕೇಳುವವರೆಗೂ ಏಳಲಿಲ್ಲ.